ಸಿಟ್ಟು ಬರುತ್ತದೆ, ಬೇಸರ ಆಗುತ್ತದೆ

ಮನಸ್ಸಿನ ಸ್ಥಿತಿಗಳನ್ನು ಹೆಸರಿಸುವ ಕನ್ನಡ ಪದಗಳೆಲ್ಲ ಒಂದೇ ಮೂಲದವಲ್ಲ. ಸಿಟ್ಟು, ಮುನಿಸು, ಅಂಜಿಕೆ, ನಾಚಿಕೆ, ಹಿಗ್ಗು, ಅಳಲು, ಒಲವು, ಬೆರಗು ದೇಶ್ಯ ಪದಗಳು. ಕೋಪ, ಭಯ, ಲಜ್ಜೆ, ಹರ್ಷ, ಶೋಕ, ವಿಸ್ಮಯ ಸಂಸ್ಕೃತದಿಂದ ಬಂದವು. ಅಲ್ಲಿಂದಲೇ ಬಂದು ಕನ್ನಡದ ನಾಲಿಗೆಗೆ ಒಗ್ಗಿದ ತದ್ಭವಗಳೂ ಇವೆ: ಸಂತೋಷ ಸಂತಸವಾಯಿತು, ಆಶ್ಚರ್ಯ ಅಚ್ಚರಿಯಾಯಿತು. ಖುಷಿ, ಬೇಜಾರು, ಹೈರಾಣು, ದಿಮಾಕುಗಳು ಪಾರಸಿ-ಅರಬ್ಬಿ ನುಡಿಗಳಿಂದ ಆಡಳಿತ ಮತ್ತು ಸಂತೆಯ ಜೊತೆಗೆ ಬಂದವು. ಟೆನ್ಷನ್, ಬೋರು, ಮೂಡು ಇತ್ತೀಚಿನವು. ಹೀಗಾಗಿ ಒಂದೊಂದು ಭಾವಕ್ಕೂ ಮೂರು ನಾಲ್ಕು ಹೆಸರುಗಳು ಸಹಜವಾಗಿಯೇ ಸಿಗುತ್ತವೆ. ದಾವಣಗೆರೆಯ ಹೈಸ್ಕೂಲು ವಿದ್ಯಾರ್ಥಿ ಪರೀಕ್ಷೆಗೆ ಬಾಯಿಪಾಠ ಮಾಡುವ ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಇವುಗಳ ನಡುವೆ ಸಮ ಚಿಹ್ನೆ ಇರುತ್ತದೆ: ಕೋಪ = ಸಿಟ್ಟು = ರೋಷ = ಕ್ರೋಧ. ಅಂಕಕ್ಕೆ ಅಷ್ಟು ಸಾಕು. ಆದರೆ ಅದೇ ವಿದ್ಯಾರ್ಥಿ ಪ್ರಬಂಧ ಬರೆಯಲು ಕೂತಾಗ, ಅವ್ವ ತಡವಾಗಿ ಬಂದ ಮಗನ ಮೇಲೆ ‘ಕ್ರೋಧಗೊಂಡಳು’ ಎಂದು ಬರೆದರೆ ಓದುವವರಿಗೆ ನಗು ಬರುತ್ತದೆ.

ಸಮಾನಾರ್ಥಕಗಳನ್ನು ಒಟ್ಟುಗೂಡಿಸುವ ಕೆಲಸ ಕನ್ನಡದಲ್ಲಿ ಹಳೆಯದು. ಕವಿ ರನ್ನನ ಹೆಸರಿನಲ್ಲಿ ‘ರನ್ನಕಂದ’ ಎಂಬ ನಿಘಂಟು ಇದ್ದು, ಅದರ ಕೆಲವೇ ಪದ್ಯಗಳು ಉಳಿದಿವೆ. ಎರಡನೆಯ ನಾಗವರ್ಮನ ‘ಅಭಿಧಾನವಸ್ತುಕೋಶ’ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಕೊಡುತ್ತದೆ. 14ನೇ ಶತಮಾನದ ಕೊನೆಯ ಮಂಗರಾಜನ ನಿಘಂಟಿನದೂ ಅದೇ ದಾರಿ. 16ನೇ ಶತಮಾನದ ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಮಾತ್ರ ಬೇರೆ ಜಾತಿಯದು. ಆಗಲೇ ಹಳತಾಗಿದ್ದ ಕನ್ನಡ ಪದಗಳನ್ನು ಅದು ಅಂದಿನ ಕನ್ನಡದಲ್ಲಿ ಬಿಡಿಸಿ ಹೇಳುತ್ತದೆ. ಇವೆಲ್ಲ ಪದ್ಯದಲ್ಲಿರುವುದಕ್ಕೆ ಕಾರಣ ಸರಳ: ಇವು ತೆರೆದು ನೋಡುವ ಪುಸ್ತಕಗಳಾಗಿರಲಿಲ್ಲ, ಬಾಯಿಗೆ ಬರಬೇಕಾದ ಪಾಠಗಳಾಗಿದ್ದವು. ಕವಿಗೆ ಬೇಕಾದದ್ದು ಛಂದಸ್ಸಿನ ಗಣಕ್ಕೆ ಹೊಂದುವ, ಪ್ರಾಸಕ್ಕೆ ಒದಗುವ ಇನ್ನೊಂದು ಪದ. ಅರ್ಥದ ಸೂಕ್ಷ್ಮ ವ್ಯತ್ಯಾಸ ಅಲ್ಲಿ ಎರಡನೆಯ ಮಾತು. ಇಂದಿನ ಗೈಡುಗಳ ಸಮ ಚಿಹ್ನೆಗೆ ಸಾವಿರ ವರ್ಷದ ವಂಶಾವಳಿ ಇದೆ ಎಂದು ಅದನ್ನು ಸ್ವಲ್ಪ ಕ್ಷಮಿಸಬಹುದು.

ಈ ನಿಘಂಟುಗಳಿಗೆ ಮಾದರಿ ಅಮರಸಿಂಹನ ‘ಅಮರಕೋಶ’. ಕರ್ನಾಟಕದ ಹಳೆಯ ಮಠಗಳಲ್ಲಿ, ಸಂಸ್ಕೃತ ಪಾಠಶಾಲೆಗಳಲ್ಲಿ ಅದನ್ನು ‘ಅಮರ’ ಎಂದೇ ಕರೆದು ಉರು ಹೊಡೆಸುತ್ತಿದ್ದರು. ಕನ್ನಡದಲ್ಲಿ ಅದಕ್ಕೆ ‘ನಾಚಿರಾಜೀಯ’ ಎಂಬ ಪ್ರಸಿದ್ಧ ವ್ಯಾಖ್ಯಾನವೂ ಇದೆ. ಅಮರಕೋಶ ಭಾವದ ಪದಗಳನ್ನು ಎಲ್ಲಿ ಇಟ್ಟಿದೆ ಎಂಬುದೇ ಕುತೂಹಲದ ಸಂಗತಿ. ಕೋಪ, ಶೋಕ, ಭಯಗಳು ಬರುವುದು ‘ನಾಟ್ಯವರ್ಗ’ದಲ್ಲಿ, ಅಂದರೆ ವಾದ್ಯ, ನೃತ್ಯ, ಅಭಿನಯಗಳ ಜೊತೆಯಲ್ಲಿ. ಹರ್ಷದ ಪರ್ಯಾಯಗಳು ಮಾತ್ರ ‘ಕಾಲವರ್ಗ’ದಲ್ಲಿವೆ. ಭಾವವೆಂದರೆ ರಂಗದ ಮೇಲೆ ಕಾಣುವಂಥದ್ದು ಎಂಬ ತಿಳಿವಳಿಕೆ ಈ ವರ್ಗೀಕರಣದ ಹಿಂದಿದೆ.

ಆ ತಿಳಿವಳಿಕೆಯ ಮೂಲ ಭರತನ ನಾಟ್ಯಶಾಸ್ತ್ರ. ಅಲ್ಲಿ ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂಬ 8 ಸ್ಥಾಯಿಭಾವಗಳು, ಬಂದು ಹೋಗುವ 33 ಸಂಚಾರಿಭಾವಗಳು, ಬೆವರು, ನಡುಕ, ಕಣ್ಣೀರಿನಂತೆ ಮೈಯಲ್ಲಿ ತೋರುವ 8 ಸಾತ್ವಿಕಭಾವಗಳು ಇವೆ. ಒಟ್ಟು 49. ಭಾವದ ಪದಗಳನ್ನು ಕಲಿಯುವವರಿಗೆ ಇಂದಿಗೂ ಇದಕ್ಕಿಂತ ಒಳ್ಳೆಯ ನಕ್ಷೆ ಸುಲಭವಾಗಿ ಸಿಗದು. ಯಾಕೆಂದರೆ ಇದು ಪದಗಳನ್ನು ಅರ್ಥದ ಸಾಮ್ಯದಿಂದ ಗುಂಪು ಮಾಡುವುದಿಲ್ಲ. ಎಷ್ಟು ಹೊತ್ತು ಇರುತ್ತದೆ, ಮೈಯಲ್ಲಿ ಎಲ್ಲಿ ತೋರುತ್ತದೆ ಎಂದು ಕೇಳುತ್ತದೆ. ಕ್ರೋಧ ನಿಲ್ಲುವಂಥದ್ದು. ಅಮರ್ಷ ಅವಮಾನದ ಚುರುಕಿನಿಂದ ಏಳುವ ಅಸಹನೆ, ಹಾಯ್ದು ಹೋಗುವಂಥದ್ದು. ಗೈಡಿನ ಪಟ್ಟಿಯಲ್ಲಿ ಎರಡೂ ಕೋಪವೇ.

ಆದರೆ ಭರತನ ಪದಗಳು ಕನ್ನಡಕ್ಕೆ ಬಂದಾಗ ಅರ್ಥ ಬದಲಿಸಿವೆ. ಜುಗುಪ್ಸೆ ಅವನಲ್ಲಿ ಹೇಸಿಗೆ. ಕನ್ನಡದ ಜಿಗುಪ್ಸೆಯಲ್ಲಿ ಹೇಸಿಗೆ ಹಿಂದೆ ಸರಿದು, ಬದುಕಿನ ಬಗೆಗಿನ ಬೇಸತ್ತ ಭಾವ ಮುಂದೆ ಬಂದಿದೆ. ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಸವಕಲು ಮಾತು ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಸಾಲ, ಜಗಳ, ಕಾಯಿಲೆ ಎಲ್ಲವನ್ನೂ ಅದೊಂದೇ ಮುಚ್ಚಿಹಾಕುತ್ತದೆ. ತ್ರಾಸ ಭರತನಲ್ಲಿ ಥಟ್ಟನೆ ಹುಟ್ಟುವ ಹೆದರಿಕೆ. ಹರಿಹರದ ಸುತ್ತ ‘ಭಾಳ ತ್ರಾಸಾತು’ ಎಂದರೆ ಹೆದರಿಕೆ ಏನೂ ಇಲ್ಲ, ತೊಂದರೆ, ದಣಿವು ಅಷ್ಟೇ. ಅಂತಃಕರಣ ಶಾಸ್ತ್ರದಲ್ಲಿ ಮನಸ್ಸು-ಬುದ್ಧಿಗಳ ಒಳಗಿನ ಸಾಧನ. ಈ ಕಡೆಯ ಮಾತಿನಲ್ಲಿ ‘ಅಂತಃಕರಣ ಇರೋ ಮನುಷ್ಯ’ ಎಂದರೆ ಕನಿಕರವುಳ್ಳವನು. ಅರಬ್ಬಿಯಲ್ಲಿ ಬೆರಗಾದವನು ಹೈರಾಣ. ಕನ್ನಡದಲ್ಲಿ ದಣಿದು ಸೋತವನು. ಮಿದುಳು ಎಂಬ ಅರ್ಥದ ಪದದಿಂದ ಬಂದ ದಿಮಾಕು ಇಲ್ಲಿ ಸೊಕ್ಕು. ಮೂಲವನ್ನು ನೆಚ್ಚಿ ಅರ್ಥ ಹೇಳಹೊರಟವರು ಎಡವುವುದು ಇಂಥ ಕಡೆಯೇ.

ಹಾಗಾದರೆ ಹತ್ತಿರದ ಎರಡು ಪದಗಳನ್ನು ಬೇರೆ ಮಾಡುವುದು ಯಾವುದು? ಕನ್ನಡದಲ್ಲಿ ಅದರ ಬಹುಪಾಲು ಉತ್ತರ ಕ್ರಿಯಾಪದದಲ್ಲಿದೆ. ಭಾವಕ್ಕೆ ಸಿಕ್ಕವರು ಕನ್ನಡದಲ್ಲಿ ಸಾಮಾನ್ಯವಾಗಿ ಕರ್ತೃಸ್ಥಾನದಲ್ಲಿ ಕೂರುವುದಿಲ್ಲ, ಚತುರ್ಥೀ ವಿಭಕ್ತಿಯಲ್ಲಿ ನಿಲ್ಲುತ್ತಾರೆ: ನನಗೆ ಸಿಟ್ಟು ಬಂತು, ಅವಳಿಗೆ ನಾಚಿಕೆಯಾಯಿತು, ಮಗುವಿಗೆ ದಿಗಿಲು ಹುಟ್ಟಿತು. ಸಿಟ್ಟು ಬರುತ್ತದೆ, ಏರುತ್ತದೆ, ಇಳಿಯುತ್ತದೆ. ಬೇಸರ ಆಗುತ್ತದೆ. ದುಃಖ ಉಮ್ಮಳಿಸುತ್ತದೆ. ಅಳು ಒತ್ತರಿಸಿ ಬರುತ್ತದೆ. ರೋಷ ಉಕ್ಕುತ್ತದೆ. ಸಂತೋಷ, ಹೆಮ್ಮೆ, ಆಸೆ, ಹೊಟ್ಟೆಕಿಚ್ಚುಗಳನ್ನು ಜನ ‘ಪಡುತ್ತಾರೆ’. ಸಿಟ್ಟನ್ನು ಹಾಗೆ ಪಡುವುದು ಕಿವಿಗೆ ಒಗ್ಗುವುದಿಲ್ಲ. ಗಾಬರಿ ಬೀಳುತ್ತಾರೆ, ಬೆರಗಾಗುತ್ತಾರೆ, ಕೋಪಗೊಳ್ಳುತ್ತಾರೆ. ನಾಮಪದವನ್ನಷ್ಟೇ ಕಲಿತು ಅದರ ಕ್ರಿಯಾಪದ ಕಲಿಯದವರ ಕನ್ನಡ ಒಂದೇ ವಾಕ್ಯದಲ್ಲಿ ಗುರುತು ಸಿಗುತ್ತದೆ.

ಕ್ರಿಯಾಪದ ಬದಲಾದರೆ ಹೊಣೆಯೂ ಬದಲಾಗುತ್ತದೆ. ‘ಅವನಿಗೆ ಸಿಟ್ಟು ಬಂತು’ ಎಂದರೆ ತಪ್ಪು ಸಿಟ್ಟಿನದು. ‘ಅವನು ಸಿಟ್ಟು ಮಾಡಿಕೊಂಡ’ ಎಂದರೆ ಪಾಲು ಅವನದೂ ಇದೆ. ‘ಸಿಟ್ಟಿಗೆದ್ದ’ ಎಂದರೆ ಮುಂದೆ ಏನೋ ನಡೆಯಲಿದೆ. ‘ಸಿಟ್ಟು ನುಂಗಿಕೊಂಡ’ ಎಂದರೆ ಒಳಗಿದ್ದದ್ದು ಹೊರಗೆ ತೋರಲಿಲ್ಲ. ಈ ಕೊನೆಯದಕ್ಕೆ ಭರತನ 33ರಲ್ಲಿ ‘ಅವಹಿತ್ಥ’ ಎಂಬ ಪ್ರತ್ಯೇಕ ಹೆಸರೇ ಇದೆ. ಆಡುಗನ್ನಡ ಅದಕ್ಕೊಂದು ನಾಮಪದ ಹುಡುಕುವ ಗೋಜಿಗೆ ಹೋಗದೆ ನುಂಗುವ ಕ್ರಿಯೆಯೊಂದರಲ್ಲೇ ಕೆಲಸ ಮುಗಿಸಿದೆ.

ಬೇಸರದ ಉದಾಹರಣೆ ಇನ್ನೂ ಸ್ಪಷ್ಟ. ಈ ಪದಕ್ಕೆ ಎರಡು ಅರ್ಥಗಳಿವೆ: ಮಾಡಿದ್ದನ್ನೇ ಮಾಡಿ ಬರುವ ಏಕತಾನದ ಬೇಸರ, ಮನಸ್ಸಿಗೆ ನೋವಾದ ಬೇಸರ. ‘ಓದಿ ಓದಿ ಬ್ಯಾಸ್ರ ಬಂತು’ ಎಂಬಲ್ಲಿ ಮೊದಲನೆಯದು. ‘ನೀನು ಹಂಗಂದಿದ್ದು ಬ್ಯಾಸ್ರ ಆತು’ ಎಂಬಲ್ಲಿ ಎರಡನೆಯದು. ‘ಬ್ಯಾಸ್ರ ಮಾಡ್ಕೋಬ್ಯಾಡಪ್ಪ’ ಎಂಬುದು ಸಮಾಧಾನದ ಮಾತು, ಅರ್ಧ ಕ್ಷಮೆ. ‘ಬೇಸತ್ತ’ ಎಂದಾಗ ಸಹನೆಯ ಕೊನೆ. ಬೇಜಾರು ಇದರ ಜೊತೆಗೇ ಓಡಾಡುತ್ತದೆ. ಆದರೆ ಖಿನ್ನತೆ, ವಿಷಾದ, ವ್ಯಾಕುಲ, ದುಗುಡಗಳು ಇದರ ಪಕ್ಕ ಕೂರುವುದಿಲ್ಲ. ವಿಷಾದ ಇಂದು ಹೆಚ್ಚಾಗಿ ಕಚೇರಿಯ ಪದ: ‘ವಿಷಾದಿಸುತ್ತೇವೆ’ ಎಂಬುದನ್ನು ಪ್ರಕಟಣೆಗಳು ಬಳಸುತ್ತವೆ, ಮನೆಯವರು ಬಳಸುವುದಿಲ್ಲ.

ಸಿಟ್ಟಿನ ಬಳಗ ಎಲ್ಲಕ್ಕಿಂತ ದೊಡ್ಡದು, ಬಿಡಿಸಿ ನೋಡಲು ಯೋಗ್ಯವಾದದ್ದು. ಮುನಿಸಿಗೆ ಪ್ರೀತಿಯ ಬಂಡವಾಳ ಬೇಕು. ಗಂಡ-ಹೆಂಡತಿ, ಗೆಳೆಯರು, ಅಜ್ಜ-ಮೊಮ್ಮಕ್ಕಳ ನಡುವೆ ಮುನಿಸು ಇರುತ್ತದೆ. ಅಂಗಡಿಯವನ ಮೇಲೆ ಮುನಿಸಿಕೊಳ್ಳಲು ಬರುವುದಿಲ್ಲ. ಮುನಿದವರು ತಮ್ಮನ್ನು ಯಾರಾದರೂ ರಮಿಸಲಿ ಎಂದು ಕಾಯುತ್ತಿರುತ್ತಾರೆ. ಸೆಡವಿನಲ್ಲಿ ಆ ನಿರೀಕ್ಷೆ ಕಡಿಮೆ, ಹಟ ಜಾಸ್ತಿ. ‘ಸಿಟ್ಟು ಸೆಡವು’ ಎಂದು ಜೋಡುನುಡಿಯಾಗಿಯೇ ಹೆಚ್ಚು ಕೇಳುತ್ತದೆ. ಸಿಡುಕು ಒಂದು ಘಟನೆಯಲ್ಲ, ಸ್ವಭಾವ. ಅದಕ್ಕೇ ‘ಸಿಡುಕ’ ಎಂದು ಮನುಷ್ಯನಿಗೇ ಹೆಸರಾಗುತ್ತದೆ. ರೇಗುವುದು ಮಾತಿನಲ್ಲಿ ಹೊರಬರುವ ಸಿಟ್ಟು. ರೇಗದೆ ಸಿಟ್ಟಾಗಿರಬಹುದು, ಬಾಯಿ ಬಿಡದೆ ರೇಗಲು ಆಗದು. ರೋಷದಲ್ಲಿ ಅಭಿಮಾನದ ಎಳೆ ಇದೆ, ಹಾಗಾಗಿ ‘ರೋಷ ಇಲ್ಲವೇನೋ ನಿನಗೆ’ ಎಂದು ಕೆಣಕಬಹುದು. ‘ಸಿಟ್ಟಿಲ್ಲವೇನೋ’ ಎಂದರೆ ಆ ಖಾರ ಬರುವುದಿಲ್ಲ. ಕೆರಳುವುದು, ಕನಲುವುದು ಒಳಗಿನ ಉರಿಯ ಮಾತುಗಳು. ಕನಲುವುದು ಈಗ ಬಹುಮಟ್ಟಿಗೆ ಕಾವ್ಯಕ್ಕೆ ಸೇರಿದೆ. ಕ್ರೋಧಕ್ಕೆ ಪುರಾಣದ, ಪ್ರವಚನದ ವಾಸನೆ. ಅದು ಕಾಮ-ಲೋಭಗಳ ಜೊತೆ ಅರಿಷಡ್ವರ್ಗದಲ್ಲಿ ಸದಸ್ಯ. ಆಕ್ರೋಶ ಮೂಲದಲ್ಲಿ ಕೂಗಿ ಬೈಯುವುದು. ಇಂದು ಅದು ಪತ್ರಿಕೆಯ ತಲೆಬರಹದಲ್ಲಿ ಗುಂಪಿನ ಸಿಟ್ಟು: ನೀರು ಬಾರದ ವಾರ್ಡಿನವರದು, ರಸ್ತೆ ಕೆಟ್ಟ ಬಡಾವಣೆಯವರದು. ಸಾರ್ವಜನಿಕರಿಗೆ ಮುನಿಸು ಇರುವುದಿಲ್ಲ, ಆಕ್ರೋಶ ಇರುತ್ತದೆ. ಇನ್ನು ಹಗೆ, ಸೇಡುಗಳು ಸಿಟ್ಟಿನ ಸಮಾನಾರ್ಥಕಗಳೇ ಅಲ್ಲ, ಸಿಟ್ಟು ಆರದೆ ಹಳತಾದಾಗ ಉಳಿಯುವಂಥವು.

ಹೊಟ್ಟೆಕಿಚ್ಚಿನ ಬಳಗ ಚಿಕ್ಕದಾದರೂ ಚೊಕ್ಕ. ಇನ್ನೊಬ್ಬರ ಏಳಿಗೆಯನ್ನು ಸಹಿಸದಿರುವುದು ಮತ್ಸರ. ಇನ್ನೊಬ್ಬರ ಗುಣದಲ್ಲೂ ದೋಷ ಹೊರಿಸುವುದು ಅಸೂಯೆ. ಈ ವಿವರಣೆ ಅಮರಕೋಶದಲ್ಲೇ ಇದೆ. ಕರುಬು ಆಳದ ದೇಶ್ಯ ಪದ, ‘ಕರುಬಿದ’ ಎಂದು ಕ್ರಿಯೆಯಾಗಿಯೇ ಹೆಚ್ಚು ಬಾಳುತ್ತದೆ. ಮೂರನ್ನೂ ಸೇರಿಸಿ ಊರಿನ ಮಾತು ಹೊಟ್ಟೆಯುರಿ ಎನ್ನುತ್ತದೆ.

ಮೈಯ ಅಂಗಗಳನ್ನು ಬಿಟ್ಟು ಕನ್ನಡದಲ್ಲಿ ಭಾವ ಹೇಳುವುದು ಕಷ್ಟ. ಮತ್ಸರ ಹೊಟ್ಟೆಯಲ್ಲಿ, ಕನಿಕರ ಕರುಳಿನಲ್ಲಿ, ಸಿಟ್ಟು ನೆತ್ತಿಯಲ್ಲಿ ಅಥವಾ ಮೂಗಿನ ತುದಿಯಲ್ಲಿ, ದುಃಖ ಗಂಟಲಲ್ಲಿ, ಭಯ ಎದೆಯಲ್ಲಿ. ಇವುಗಳ ಜೊತೆಗೆ ಅನುಕರಣಾವ್ಯಯಗಳಿವೆ. ಎದೆ ಧಸಕ್ಕೆಂದರೆ ಒಮ್ಮೆಗೇ ಬಡಿದ ಹೆದರಿಕೆ, ಢವಢವ ಎಂದರೆ ಮುಂದುವರಿಯುತ್ತಿರುವ ಹೆದರಿಕೆ, ಝಲ್ಲೆಂದರೆ ಕೆಟ್ಟ ಸುದ್ದಿಯ ಸುಳಿವು. ಕರುಳು ಚುರುಕ್ಕೆಂದರೆ ಭಯವಲ್ಲ, ಮರುಕ. ಅಳುಕು, ಅಂಜಿಕೆ, ದಿಗಿಲು, ಭೀತಿ, ತಲ್ಲಣ ಎಂಬ ನಾಮಪದಗಳು ಮಾಡುವ ವಿಂಗಡಣೆಯನ್ನು ಈ ಸದ್ದುಗಳು ಇನ್ನೂ ಚುರುಕಾಗಿ ಮಾಡುತ್ತವೆ. ಪರೀಕ್ಷೆಯ ಪಟ್ಟಿಗಳು ಇವನ್ನು ಸಮಾನಾರ್ಥಕಗಳೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಅವುಗಳ ದೊಡ್ಡ ಕೊರತೆ.

ಪದಗಳ ಈ ಬೆರಕೆಗೆ ದಾವಣಗೆರೆ-ಹರಿಹರದ ನೆಲ ಚೆನ್ನಾಗಿ ಒದಗಿದೆ. ತುಂಗಭದ್ರೆಗೆ ಹರಿದ್ರಾ ನದಿ ಸೇರುವ ಜಾಗದಲ್ಲಿರುವ ಹರಿಹರ ಮೈಸೂರು ಸಂಸ್ಥಾನದ ಅಂಚಿನ ಊರಾಗಿತ್ತು. 1956ರ ನವೆಂಬರ್ 1ರವರೆಗೂ ಹೊಳೆಯ ಆಚೆಯ ರಾಣೆಬೆನ್ನೂರು ಮುಂಬೈ ಆಡಳಿತದ ಧಾರವಾಡ ಜಿಲ್ಲೆಯಲ್ಲಿತ್ತು. ಮೇಲಿನ ಹರಪನಹಳ್ಳಿ ಮದರಾಸು ಪ್ರಾಂತ್ಯದ ಬಳ್ಳಾರಿಗೆ ಸೇರಿದ್ದು, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಇಲ್ಲಿಗೆ ಬಂದು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. ಇದಕ್ಕೆಲ್ಲ ಬಹಳ ಹಿಂದೆಯೇ ಹೈದರಾಲಿ ದಾವಣಗೆರೆಯನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟಿದ್ದ. ಅರಳೆ, ಕಾಳು-ಕಡಿಯ ವ್ಯಾಪಾರಕ್ಕೆ, ಆಮೇಲೆ ಹತ್ತಿಗಿರಣಿಗಳ ಕೆಲಸಕ್ಕೆ ನಾನಾ ಕಡೆಯ ಜನ ಬಂದರು. ಪರಿಣಾಮವಾಗಿ ತೆಂಕಣದ ‘ಹೆದರಿಕೆ’ಯೂ ಬಡಗಣದ ‘ಅಂಜಿಕೆ’ಯೂ ಇಲ್ಲಿ ಒಂದೇ ಓಣಿಯಲ್ಲಿ ಕೇಳುತ್ತವೆ. ಬೇಸರ ಬ್ಯಾಸ್ರವಾಗುತ್ತದೆ, ಆಯಿತು ಎಂಬುದು ಆತು ಆಗುತ್ತದೆ. ‘ಕೋಪ’ ಎಂಬುದನ್ನು ಬಾಯಿಮಾತಿನಲ್ಲಿ ಹುಡುಕಬೇಕು, ಸಿಟ್ಟೇ ಎಲ್ಲ ಕೆಲಸ ಮಾಡುತ್ತದೆ. ಹೊಸ ಪದಗಳೂ ಹಳೆಯ ಕ್ರಿಯಾಪದದ ಹದ್ದಿಗೆ ಬರುತ್ತವೆ: ‘ಟೆನ್ಷನ್ ಆಗೈತಿ’, ‘ಟೆನ್ಷನ್ ತಗೋಬ್ಯಾಡ’, ‘ಬೋರ್ ಬಂತು’. ಆತಂಕ, ಕಳವಳ, ಚಿಂತೆ, ತಳಮಳ, ಕಾತರಗಳ ಜಾಗವನ್ನೆಲ್ಲ ಟೆನ್ಷನ್ ಒಂದೇ ಆಕ್ರಮಿಸಿರುವುದು ನಷ್ಟವೇ. ಮದುವೆ ನಿಶ್ಚಯವಾದವಳ ಕಾತರವೂ ಕಂತು ಕಟ್ಟಬೇಕಾದವನ ಚಿಂತೆಯೂ ಒಂದೇ ಹೆಸರಿನಲ್ಲಿ ತಿರುಗಾಡುತ್ತಿವೆ.

ಭಾವದ ಪದಗಳು ಬರೀ ಪಟ್ಟಿಯಲ್ಲಿ ಉಳಿಯದೆ ಸಾವಿರಾರು ಜನರ ಕಿವಿಗೆ ಬಿದ್ದದ್ದು ಕಂಪನಿ ನಾಟಕಗಳಿಂದ. ದಾವಣಗೆರೆಯ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ, ಅದನ್ನು ಬೆಳೆಸಿದ ಚಿಂದೋಡಿ ಲೀಲಾ ಮತ್ತು ಅವರ ಮನೆತನ ಈ ಊರನ್ನು ವೃತ್ತಿರಂಗಭೂಮಿಯ ದೊಡ್ಡ ನೆಲೆಯಾಗಿ ಮಾಡಿದರು. ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಅವರು 2010ರಲ್ಲಿ ತೀರಿಕೊಂಡರು. ಕಂಪನಿ ನಾಟಕದಲ್ಲಿ ಪದದ ಆಯ್ಕೆಯೇ ಪಾತ್ರದ ಗುರುತು. ಪೌರಾಣಿಕದ ರಾಜನಿಗೆ ಕ್ರೋಧ, ಪ್ರತೀಕಾರ, ಪರಿತಾಪ. ಅದೇ ದೃಶ್ಯದ ಹಾಸ್ಯಪಾತ್ರಕ್ಕೆ ಸಿಟ್ಟು, ಸೇಡು, ಸಂಕ್ಟ. ಸಾಮಾಜಿಕ ನಾಟಕದಲ್ಲಿ ಊರಗೌಡ ಗರ್ವದ ಮಾತಾಡಿದರೆ ಆಳುಮಗ ಅದನ್ನು ಸೊಕ್ಕು ಎನ್ನುತ್ತಾನೆ, ಗೌಡನ ಮಗಳು ಹಮ್ಮು-ಬಿಮ್ಮು ಎನ್ನುತ್ತಾಳೆ. ಅಭಿನಯ ಕಲಿಯುವವರು ಇದನ್ನು ಸಂಭಾಷಣೆಯ ಜೊತೆಗೇ ಕಲಿಯುತ್ತಾರೆ. ಮುನಿಸಿಗೆ ಮುಖ ತಿರುಗಿಸುವುದು, ರೋಷಕ್ಕೆ ಎದೆ ಸೆಟೆಸುವುದು ಬೇರೆ ಬೇರೆ ಅಭ್ಯಾಸಗಳು.

ಪದದ ತಪ್ಪು ಆಯ್ಕೆ ನಿಜವಾಗಿಯೂ ತೊಂದರೆ ಕೊಡುವ ಜಾಗ ಆಸ್ಪತ್ರೆ. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಿಂದ ನಡೆಯುತ್ತಿದೆ. ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಇಲ್ಲಿ ಓದುತ್ತಾರೆ, ರೋಗಿಗಳು ಸುತ್ತಲಿನ ಹಳ್ಳಿಗಳವರು. 2019ರಿಂದ ವೈದ್ಯಕೀಯ ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ಆ ತರಬೇತಿಯಲ್ಲಿ ‘ಖಿನ್ನತೆ’, ‘ಉದ್ವೇಗ’, ‘ಆತಂಕ’ ಎಂಬ ಪದಗಳನ್ನು ಕಲಿತು ಹೊರರೋಗಿ ವಿಭಾಗದಲ್ಲಿ ಕೂತ ವಿದ್ಯಾರ್ಥಿಗೆ ಅವು ಕೇಳಿಬರುವುದೇ ಅಪರೂಪ. ಖಿನ್ನತೆ ಪುಸ್ತಕ ಮತ್ತು ಪತ್ರಿಕೆಯ ಪದ. ರೋಗಿ ಹೇಳುವುದು ‘ಎದಿ ಹಿಡಿದಂಗಾಗತ್ತೆ’, ‘ತಲಿ ಭಾರ’, ‘ಜೀವ ಹೊಯ್ದಾಡತೈತಿ’, ‘ಮನಸ್ಸು ನೆಟ್ಟಗಿಲ್ಲ’, ‘ಯಾತರ ಮ್ಯಾಲೂ ಮನಸ್ಸಿಲ್ಲ’. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 80 ಹೊರರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಒಂದು ಕಾರಣವನ್ನು ತೋರಿಸಿತು: ಮನಸ್ಸಿನ ಲಕ್ಷಣಗಳು ಹೆಚ್ಚಿದಷ್ಟೂ ಕಳಂಕದ ಭಾವ ಹೆಚ್ಚಿತ್ತು, ಮೈಯ ಲಕ್ಷಣಗಳ ವಿಷಯದಲ್ಲಿ ಅದು ತಿರುಗುಮುರುಗಾಗಿತ್ತು. ಮೈನೋವನ್ನು ನಾಲ್ಕು ಜನರ ಮುಂದೆ ಹೇಳಬಹುದು. ಮನಸ್ಸಿನದನ್ನು ಹೇಳಿದರೆ ಮದುವೆ ಮಾತುಕತೆಯವರೆಗೂ ಅದು ಹಿಂಬಾಲಿಸುತ್ತದೆ. ಮನೋವೈದ್ಯಕೀಯವನ್ನು ಕನ್ನಡದಲ್ಲಿ ಬರೆದವರು ಈ ಕಂದಕ ತುಂಬಲು ಬಹಳ ಶ್ರಮಿಸಿದ್ದಾರೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಜನಪ್ರಿಯ ಪುಸ್ತಕಗಳು ಜಿಲ್ಲೆ ಜಿಲ್ಲೆಯ ಓದುಗರನ್ನು ತಲುಪಿವೆ. ಗೀಳು ಎಂಬ ಹಳೆಯ ಮಾತಿಗೆ ಶಾಸ್ತ್ರದ ಅರ್ಥ ಗಟ್ಟಿಯಾಗಿ ನಿಂತದ್ದು ಇಂಥ ಬರಹಗಳ ಬಲದಿಂದ.

ಕಲಿಯುವವರಿಗೆ ಆಕರಗಳಿಗೇನೂ ಕೊರತೆಯಿಲ್ಲ. ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟು ಪದದ ಮೂಲ ಮತ್ತು ಹಳೆಯ ಬಳಕೆಗೆ ಇಂದಿಗೂ ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು 1970ರಿಂದ 1995ರವರೆಗೆ ಹೊರಬಂತು. ಅದು ಕೊಡುವ ಪ್ರಯೋಗಗಳಲ್ಲಿ ಒಂದು ಭಾವಪದ ಶತಮಾನಗಳ ಉದ್ದಕ್ಕೆ ಯಾವ ಯಾವ ಕ್ರಿಯಾಪದದ ಜೊತೆ ಬಾಳಿತು ಎಂಬುದು ಕಾಣುತ್ತದೆ. ಆ ನಿಘಂಟಿನ ಕೆಲಸದಲ್ಲಿ ದೊಡ್ಡ ಹೊಣೆ ಹೊತ್ತ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ವಿ. ಕೃಷ್ಣ ಅವರು ಒಬ್ಬರೇ ದಶಕಗಳ ಕಾಲ ಕಟ್ಟಿದ ‘ಅಲರ್’ ಕೋಶ 2019ರಿಂದ ಮೊಬೈಲಿನಲ್ಲೇ ಸಿಗುತ್ತದೆ.

ಇವನ್ನು ಬಳಸುವ ಕ್ರಮ ಹೀಗಿರಬಹುದು. ಒಂದು ಸಲಕ್ಕೆ ಒಂದೇ ಬಳಗ ಹಿಡಿಯಬೇಕು, ನಾಲ್ಕೈದು ಪದ ಸಾಕು. ಪ್ರತಿ ಪದದ ಮುಂದೆ ಅರ್ಥ ಬರೆಯುವ ಬದಲು ಅದರ ಕ್ರಿಯಾಪದ, ಅದು ಯಾರ ಮೇಲೆ ಅಥವಾ ಯಾವುದರ ಬಗ್ಗೆ ಹುಟ್ಟುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾರ ಬಾಯಲ್ಲಿ ಬರುತ್ತದೆ ಎಂಬುದನ್ನು ಬರೆಯಬೇಕು. ಆಮೇಲೆ ಒಂದೇ ಪ್ರಸಂಗವನ್ನು ಆ ಪದಗಳಿಗೆ ಕೊಟ್ಟು ನೋಡಬೇಕು. ಹರಿಹರದ ಬಸ್ ನಿಲ್ದಾಣದಲ್ಲಿ ಅಣ್ಣ ತಂಗಿಯನ್ನು ಒಂದು ಗಂಟೆ ಕಾಯಿಸಿದ ಎಂದಿಟ್ಟುಕೊಳ್ಳಿ. ತಂಗಿ ಮುನಿಸಿಕೊಂಡರೆ ಬೆಣ್ಣೆದೋಸೆ ಕೊಡಿಸಿ ಸರಿಮಾಡಬಹುದು. ರೇಗಿದರೆ ಸುತ್ತಲಿನವರು ತಿರುಗಿ ನೋಡುತ್ತಾರೆ. ಬೇಸರ ಮಾಡಿಕೊಂಡರೆ ದಾರಿಯುದ್ದಕ್ಕೂ ಮಾತಿಲ್ಲ. ಗಾಬರಿಬಿದ್ದಿದ್ದರೆ ಅಣ್ಣನಿಗೆ ಏನಾಯಿತೋ ಎಂದು ಅಷ್ಟು ಹೊತ್ತಿಗೆ ಮನೆಗೆ ಫೋನು ಮಾಡಿರುತ್ತಾಳೆ. ಯಾವ ಪದ ಹಾಕಿದರೆ ಮುಂದಿನ ವಾಕ್ಯ ಬದಲಾಗುವುದಿಲ್ಲವೋ ಆ ಪದವನ್ನು ಇನ್ನೂ ಕಲಿತಿಲ್ಲ ಎಂದು ಗುರುತು ಹಾಕಿಕೊಂಡು, ನಿಘಂಟಿನ ಪ್ರಯೋಗಗಳಿಗೆ ಮರಳಬೇಕು.